ಕೋಣೆಯ ಜೊತೆ ಮೇಷ್ಟ್ರೂ ಬರಲಿ
ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳನ್ನು ಗುರುತಿಸಿದಾಗ ರಾಯಚೂರು ಜಿಲ್ಲೆಯ ದೇವದುರ್ಗ, ಮಾನ್ವಿ ಎರಡೂ ಅದರಲ್ಲಿದ್ದವು. ಆಮೇಲೆ ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ‘ಅಕ್ಷರ ಆವಿಷ್ಕಾರ’ ಯೋಜನೆಯೂ ಬಂತು, ಶಾಲೆಗಳಿಗೆ ದುಡ್ಡು ಹರಿಯತೊಡಗಿತು. ಸಂತೋಷವೇ. ಆದರೆ ಅದೇ ಜಿಲ್ಲೆಯ ಗಿಲ್ಲೆಸುಗೂರು ಸೀಮೆಯಲ್ಲಿ ಹತ್ತಿ ಒಡೆಯುವ ಕಾಲಕ್ಕೆ ಮಕ್ಕಳು ಹಾಜರಿ ಪುಸ್ತಕ ಬಿಟ್ಟು ಹೊಲದ ಸಾಲು ಹಿಡಿಯುತ್ತಾರೆ. ಬಿಡಿಸಿದ ಹತ್ತಿಯ ತೂಕಕ್ಕೆ ತಕ್ಕ ಕೂಲಿ ಮನೆಯ ಜೋಳಕ್ಕಾಗುತ್ತದೆ. ಹೊಸ ತರಗತಿ ಕೋಣೆ ಕಟ್ಟಿದ ಮಾತ್ರಕ್ಕೆ ಆ ಮಕ್ಕಳು ಶಾಲೆಗೆ ಮರಳುವುದಿಲ್ಲ. ಮನೆಮನೆಗೆ ಹೋಗಿ ‘ಯಾಕವ್ವ, ಮಗಳನ್ನ ಸಾಲಿಗೆ ಕಳಿಸಿಲ್ಲ?’ ಎಂದು ಕೇಳುವ ಮೇಷ್ಟ್ರು ಬೇಕು. ವರ್ಷ ಮುಗಿದರೆ ಕೆಲಸವೂ ಮುಗಿಯುವ ಅತಿಥಿ ಶಿಕ್ಷಕರ ಮೇಲೆ ಅಷ್ಟು ಭಾರ ಹೊರಿಸುವುದು ಅನ್ಯಾಯ. ಸಿಮೆಂಟಿಗಿಂತ ಮೊದಲು ಕಾಯಂ ಹುದ್ದೆ ತುಂಬಿ. ಕೂಲಿ ಅರಸಿ ಗುಳೆ ಹೋದವರ ಮಕ್ಕಳಿಗೆ ಊರಲ್ಲೇ ಊಟ, ವಸತಿ ಕೊಡಿ.