ಒಳಗೆ ಹೊಸತು, ಹೊರಗೆ ಹಳೆಯ ಮಾತು

ಕೈಯಲ್ಲಿರುವ ಮೊಬೈಲು "ಹೊಸ ಆವೃತ್ತಿ ಬಂದಿದೆ, ಸ್ಥಾಪಿಸಲೆ?" ಎಂದು ಕೇಳಿದಾಗ ನಮ್ಮ ವಾಚಕರಲ್ಲನೇಕರು ಅಂಜುವುದುಂಟು. ನಿನ್ನೆಯವರೆಗೆ ನಡೆದ ಕೆಲಸ ನಾಳೆ ನಿಂತುಹೋದರೆ ಗತಿಯೇನು? ಈ ಅಂಜಿಕೆ ನಿರಾಧಾರವಾದುದಲ್ಲ. ಆದಕಾರಣ ಈ ತಿಂಗಳು ಆ ಯಂತ್ರದೊಳಗಿನ ಒಂದು ಕಟ್ಟಳೆಯನ್ನು ವಿವರಿಸುವೆವು.

ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಸುಮಾರು 13,000 ಎಕರೆ ನೆಲದಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರಫಲಕಗಳು 2019ರ ಕೊನೆಗೆ ಪೂರ್ಣವಾಗಿ ನೆಲೆಗೊಂಡುವು. ಫಲಕದಿಂದ ಹೊರಡುವುದು ಒಂದೇ ದಿಕ್ಕಿನಲ್ಲಿ ಹರಿಯುವ ವಿದ್ಯುತ್ತು. ಅದನ್ನು ಹಾಗೆಯೇ ಮಧುಗಿರಿಗೂ ಕೊರಟಗೆರೆಗೂ ಕಳುಹಿಸಿ, "ನಿಮ್ಮ ರುಬ್ಬುವ ಯಂತ್ರಗಳನ್ನು ಬದಲಾಯಿಸಿಕೊಳ್ಳಿರಿ" ಎಂದಿದ್ದರೆ ಜನರ ಪಾಡೇನು! ಅಲ್ಲಿಯೇ ಅದನ್ನು ಸೆಕೆಂಡಿಗೆ 50 ಆವರ್ತಗಳ ಪರ್ಯಾಯ ವಿದ್ಯುತ್ತಾಗಿ ಮಾರ್ಪಡಿಸಿ ಜಾಲಕ್ಕೆ ಸೇರಿಸುವರು. ಗೋಡೆಯ ಪ್ಲಗ್ಗಿಗೆ ಬಂದುದು ಶರಾವತಿಯ ನೀರಿನದೋ ಪಾವಗಡದ ಬಿಸಿಲಿನದೋ ಶಿರಾದ ಗೃಹಿಣಿಗೆ ತಿಳಿಯಬೇಕಾದುದಿಲ್ಲ.

ಮೊಬೈಲಿನಲ್ಲಿ ಇಂತಹ ಜಾಲದ ಸ್ಥಾನದಲ್ಲಿರುವುದು ಕರ್ನೆಲ್, ಎಂದರೆ ತಿರುಳು. ಯಂತ್ರಭಾಗಗಳಿಗೂ ನಾವು ಬಳಸುವ ಆಪ್‌ಗಳಿಗೂ ನಡುವೆ ನಿಂತ ಮೂಲ ತಂತ್ರಾಂಶವಿದು. ಕಡತ ತೆರೆಯಬೇಕಾದರೂ ಹೊತ್ತೆಷ್ಟೆಂದು ಕೇಳಬೇಕಾದರೂ ಆಪ್ ಇದನ್ನೇ ಗೊತ್ತಾದ ಕರೆಗಳಿಂದ ಕರೆಯತಕ್ಕದ್ದು. ಆಂಡ್ರಾಯ್ಡ್ ಮೊಬೈಲುಗಳ ತಿರುಳಾದ ಲಿನಕ್ಸನ್ನು ಲಿನಸ್ ಟೋರ್ವಾಲ್ಡ್ಸರು 1991ರಲ್ಲಿ ಪ್ರಾರಂಭಿಸಿದರು. ಒಳಗಿನದನ್ನು ಎಷ್ಟಾದರೂ ತಿದ್ದಿರಿ, ಆಪ್‌ಗಳು ನಂಬಿರುವ ಕರೆಗಳನ್ನು ಕೆಡಿಸಕೂಡದು ಎಂಬುದೇ ಅವರ ಕಟ್ಟಳೆ.

2012ರ ಡಿಸೆಂಬರಿನಲ್ಲಿ ಇದಕ್ಕೆ ಭಂಗ ಬಂದಿತು. ಒಂದು ಕರೆ ವಿಫಲವಾದಾಗ ಕೊಡುತ್ತಿದ್ದ ಸಂಕೇತಸಂಖ್ಯೆ ಬದಲಾಗಿ, ಧ್ವನಿ ನುಡಿಸುವ ತಂತ್ರಾಂಶವು ಕೆಟ್ಟಿತು. ದೋಷವು ಆ ತಂತ್ರಾಂಶದ್ದೇ ಎಂಬ ವಾದ ಹೊರಟಾಗ ಟೋರ್ವಾಲ್ಡ್ಸರು ಕೆರಳಿ ಉತ್ತರವಿತ್ತರು. ಆ ಉತ್ತರದ ಭಾಷೆ ಮಕ್ಕಳ ಮುಂದೆ ಓದತಕ್ಕುದಲ್ಲ. ಆದರೂ ನ್ಯಾಯವು ಅವರ ಪಕ್ಷದಲ್ಲಿತ್ತೆಂದೇ ನಮ್ಮ ಮತ. ಕೆಟ್ಟುದನ್ನು ಸರಿಪಡಿಸಿಕೊಳ್ಳಲು ಬಳಸುವವನಿಗೆ ಬಾರದು; ಕೆಡಿಸಿದವನಿಗೆ ಬರುವುದು.

ಹಾಗಾದರೆ ಸುಧಾರಣೆಗೆ ಎಡೆಯಿಲ್ಲವೆ? ಉಂಟು. 1970ರ ಮೊದಲ ದಿನದಿಂದ ಸೆಕೆಂಡುಗಳನ್ನೆಣಿಸುವ ಹಳೆಯ 32 ಬಿಟ್ಟಿನ ಲೆಕ್ಕವು 2038ರ ಜನವರಿ 19ಕ್ಕೆ ತುಂಬಿಹೋಗುವುದು. ಅದಕ್ಕಾಗಿ 2019ರಲ್ಲಿ ಹಿರಿದಾದ ಎಣಿಕೆಯ ಹೊಸ ಕರೆಗಳನ್ನು ಸೇರಿಸಿದರು. ಹಳೆಯವನ್ನು ಮಾತ್ರ ಕೀಳಲಿಲ್ಲ.

ಆದರೆ ಕರ್ನೆಲ್ಲಿನ ಮೇಲಣ ಪದರಗಳಾಗಲಿ ಆಪ್ ತಯಾರಕರಾಗಲಿ ಈ ಕಟ್ಟಳೆಗೆ ಒಳಪಟ್ಟವರಲ್ಲ. ಹಳೆಯ ಮೊಬೈಲಿನಲ್ಲಿ ಬ್ಯಾಂಕಿನ ಆಪ್ ನಿಂತುಹೋಗುವುದು ಬಹುತೇಕ ಅವರ ನಿರ್ಧಾರದಿಂದ. ಹೊಸ ಆವೃತ್ತಿಗೆ ಒಪ್ಪುವ ಮುನ್ನ ಚಿತ್ರಗಳನ್ನೂ ಲೆಕ್ಕಪತ್ರಗಳನ್ನೂ ಬೇರೆಡೆ ನಕಲು ಮಾಡಿಟ್ಟುಕೊಳ್ಳಿರಿ. ರಕ್ಷಣೆಯ ತಿದ್ದುಪಡಿಗಳನ್ನು ಮಾತ್ರ ಅಂಜಿ ಮುಂದೂಡಬೇಡಿರಿ.