ಗಾಡಿ ನಿಂತ ಕೂಡಲೇ ಪಂಪ್ ಬಿಚ್ಚೋಕೆ ಬಿಡಬೇಡಿ

ಟೊಮೇಟೊ ಸೀಸನ್ ಶುರುವಾಯ್ತು. ಕೋಲಾರ ಮಾರ್ಕೆಟ್ ದಾರಿಯಲ್ಲಿ ಬಾನೆಟ್ ಎತ್ತಿಕೊಂಡು ನಿಂತ ಡೀಸೆಲ್ ಗಾಡಿಗಳೂ ಶುರುವಾದವು. ಓಡ್ತಾ ಓಡ್ತಾ ಇಂಜಿನ್ ಆಫ್ ಆಗುತ್ತೆ. ಹತ್ತು ನಿಮಿಷ ಬಿಟ್ಟರೆ ಸ್ಟಾರ್ಟ್ ಆಗುತ್ತೆ. ನಾಲ್ಕು ಕಿಲೋಮೀಟರ್ ಹೋದ ಮೇಲೆ ಮತ್ತೆ ಆಫ್. ಗ್ಯಾರೇಜಿಗೆ ಎಳ್ಕೊಂಡು ಹೋದರೆ, ಕೀ ತಿರುಗಿಸೋಕೆ ಮೊದಲೇ ತೀರ್ಪು: "ಪಂಪ್ ಹೋಗಿದೆ ಯಜಮಾನ್ರೇ, ಬಿಚ್ಚಬೇಕು."

ಈ ಮಾತಿನ ಮೇಲೇ ನನ್ನ ತಕರಾರು.

ಡ್ರಿಪ್‌ನಲ್ಲಿ ನೀರು ಬರದಿದ್ದರೆ ನಾವು ಮೊದಲು ಬೋರ್‌ವೆಲ್ ಮೋಟಾರ್ ಮೇಲೆತ್ತುತ್ತೀವಾ? ಫಿಲ್ಟರ್ ತೊಳೀತೀವಿ, ವಾಲ್ವ್ ನೋಡ್ತೀವಿ, ಪೈಪ್ ಎಲ್ಲಿ ಒಡೆದಿದೆ ಅಂತ ಹುಡುಕ್ತೀವಿ. ಗಾಡಿ ವಿಷಯಕ್ಕೆ ಬಂದರೆ ಮಾತ್ರ ಈ ಬುದ್ಧಿ ಎಲ್ಲಿ ಹೋಗುತ್ತೆ? ಪಕ್ಕದ ಊರಿನ ರೈತರೊಬ್ಬರು ಪಂಪ್ ರಿಪೇರಿಗೆ 18,000 ರೂಪಾಯಿ ಕಟ್ಟಿದರು. ಮೂರನೇ ದಿನ ಲೋಡ್ ಸಮೇತ ಗಾಡಿ ಮತ್ತೆ ನಿಂತಿತು. ಕೊನೆಗೆ ಸಿಕ್ಕಿದ್ದು ಏನು? ಟ್ಯಾಂಕಿನಿಂದ ಬರೋ ರಬ್ಬರ್ ಪೈಪಿನಲ್ಲಿ ಒಂದು ಬಿರುಕು.

ಮೊದಲು ನೋಡಬೇಕಾದ್ದು ಇಂಜಿನ್ ಹೇಗೆ ನಿಂತಿತು ಅನ್ನೋದು. ಕೀ ಆಫ್ ಮಾಡಿದ ಹಾಗೆ ಟಕ್ ಅಂತ ನಿಂತರೆ ಅನುಮಾನ ಕರೆಂಟಿನ ಮೇಲೆ: ಬ್ಯಾಟರಿ ಟರ್ಮಿನಲ್, ಅರ್ಥ್ ವೈರ್, ಫ್ಯೂಸ್, ರಿಲೇ. ಬಿಸಿಯಾದಾಗ ನಿಂತು, ಆರಿದ ಮೇಲೆ ಸ್ಟಾರ್ಟ್ ಆದರೆ ಕ್ರ್ಯಾಂಕ್ ಸೆನ್ಸರನ್ನೂ ನೋಡಬೇಕು. ಎಳೆತ ಕಮ್ಮಿಯಾಗಿ, ಮುಗ್ಗರಿಸಿ, ಉಸಿರು ಕಟ್ಟಿದ ಹಾಗೆ ನಿಂತರೆ ಡೀಸೆಲ್ ಸರಿಯಾಗಿ ಬರ್ತಿಲ್ಲ. ಆಗ ಟ್ಯಾಂಕಿನ ಕಡೆಯಿಂದ ಹುಡುಕ್ತಾ ಬನ್ನಿ.

1. ನಿಂತ ತಕ್ಷಣ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಬುಸ್ ಅಂತ ಗಾಳಿ ಒಳಕ್ಕೆ ಹೋಗಿ, ಆಮೇಲೆ ಗಾಡಿ ಸ್ಟಾರ್ಟ್ ಆದರೆ, ಗಾಳಿ ಆಡೋ ದಾರಿ ಕಟ್ಟಿದೆ ಅಂತ ಅರ್ಥ.

2. ಫಿಲ್ಟರ್ ಕೆಳಗಿನ ತಿರುಪು ಸಡಿಲಿಸಿ, ಬಂದಿದ್ದನ್ನ ಗಾಜಿನ ಬಾಟಲಿಗೆ ಹಿಡಿಯಿರಿ. ಸ್ವಲ್ಪ ಹೊತ್ತು ಬಿಟ್ಟರೆ ನೀರು ತಳಕ್ಕೆ ಇಳಿಯುತ್ತೆ. ಡ್ರಮ್ಮು, ಕ್ಯಾನಿನಲ್ಲಿ ಡೀಸೆಲ್ ಇಟ್ಟು ಹಾಕೋರು ಇದನ್ನ ಬಿಡಲೇಬೇಡಿ.

3. ಟ್ಯಾಂಕಿನೊಳಗೆ ಮೋಟಾರ್ ಇಲ್ಲದ ಗಾಡಿಗಳಲ್ಲಿ ಪೈಪ್ ಬಿರಿದರೂ ಹೊರಗೆ ಹನಿ ಸೋರದೇ ಇರಬಹುದು. ಅಲ್ಲಿಂದ ಗಾಳಿ ಎಳ್ಕೊಳ್ಳುತ್ತೆ. ಫಿಲ್ಟರ್ ಹತ್ತಿರ ಒಂದು ತುಂಡು ಪಾರದರ್ಶಕ ಪೈಪ್ ಹಾಕಿಸಿ ನೋಡಿ, ಗುಳ್ಳೆ ಕಾಣುತ್ತೆ.

ಒಂದು ಎಚ್ಚರಿಕೆ. ಹಳೇ ಇಂಜಿನ್‌ನಲ್ಲಿ ಮಾಡಿದ ಹಾಗೆ ಕಾಮನ್ ರೈಲ್ ಇಂಜಿನ್ ಓಡ್ತಿರುವಾಗ ಇಂಜೆಕ್ಟರ್ ಪೈಪ್ ಸಡಿಲಿಸಬೇಡಿ. ಅಲ್ಲಿ 1,000 ಬಾರ್‌ಗೂ ಮೀರಿದ ಒತ್ತಡ ಇರುತ್ತೆ. ಆ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತೆ.

ಹೊಸ ಗಾಡಿಗೆ ಸ್ಕ್ಯಾನರ್ ಹಾಕಿಸಿ, ಸರಿ. ಆದರೆ ಕೋಡ್ ಬರ್ಕೊಂಡ ಮೇಲೇ ಅಳಿಸೋಕೆ ಬಿಡಿ. ಸೆನ್ಸರ್ ಕೋಡ್ ಬಂತು ಅಂದ ಮಾತ್ರಕ್ಕೆ ಸೆನ್ಸರೇ ಸತ್ತಿದೆ ಅಂತಲ್ಲ, ಅದರ ವೈರನ್ನ ಇಲಿ ಕಡಿದಿರಬಹುದು.

ಪಂಪ್ ಕೆಡೋದೇ ಇಲ್ಲ ಅಂತ ನಾನು ಹೇಳ್ತಿಲ್ಲ. ಕೆಡುತ್ತೆ. ಆದರೆ ನೀರು, ಕಸದಿಂದ ಕೆಟ್ಟಿದ್ದರೆ ಟ್ಯಾಂಕ್ ತೊಳೀದೆ ಹೊಸ ಪಂಪ್ ಹಾಕಿ ಏನು ಲಾಭ? ಅದೂ ಅದೇ ದಾರಿ ಹಿಡಿಯುತ್ತೆ. ಮೆಕ್ಯಾನಿಕ್‌ಗಳನ್ನ ಮಾತ್ರ ಬೈದರೂ ನ್ಯಾಯ ಅಲ್ಲ. "ಹಣ್ಣು ಕೊಳೀತಿದೆ, ಬೇಗ ಏನಾದ್ರೂ ಮಾಡಿ" ಅಂತ ತಲೆ ಮೇಲೆ ಕೂರೋರು ನಾವೇ. ಅವರಾದರೂ ಏನು ಮಾಡ್ತಾರೆ, ಏನಾದ್ರೂ ಮಾಡ್ತಾರೆ.

ಇದು ಬರೀ ದುಡ್ಡಿನ ಮಾತಲ್ಲ. ಇಳಿಜಾರಲ್ಲಿ ಇಂಜಿನ್ ನಿಂತರೆ ಪವರ್ ಸ್ಟೀರಿಂಗ್ ಕಲ್ಲಿನಂಗೆ ಬಿಗಿಯಾಗುತ್ತೆ. ಬ್ರೇಕ್ ಎರಡು ಮೂರು ಸಲ ಒತ್ತೋದರೊಳಗೆ ಗಟ್ಟಿಯಾಗುತ್ತೆ. ಅದಕ್ಕೇ ಬಿಟ್ಟು ಬಿಟ್ಟು ಒತ್ತದೆ, ಒಂದೇ ಸಲ ಬಲವಾಗಿ ಒತ್ತಿ ಹಿಡಿದು ಪಕ್ಕಕ್ಕೆ ತನ್ನಿ. ಹಿಂದೆ ಕ್ರೇಟ್ ಮೇಲೆ ಕೂಲಿಯವರು ಕೂತಿರ್ತಾರೆ ಅನ್ನೋದು ನೆನಪಿರಲಿ. ಹೀಗೆ ನಿಲ್ಲೋ ಗಾಡಿಗೆ ಕಾರಣ ಸಿಗೋವರೆಗೂ ಲೋಡ್ ಹಾಕಬೇಡಿ, ಜನರನ್ನಂತೂ ಹತ್ತಿಸಲೇಬೇಡಿ.

ಇನ್ನು ಮೇಲೆ ಯಾರಾದರೂ "ಪಂಪ್ ಹೋಗಿದೆ" ಅಂದರೆ ಮೂರೇ ಪ್ರಶ್ನೆ ಕೇಳಿ. ಏನು ನೋಡಿ ಹೇಳ್ತಿದ್ದೀರಿ? ಅದಕ್ಕೆ ಮೊದಲು ಏನೇನು ನೋಡಿದ್ರಿ? ಹಳೇ ಸಾಮಾನು ವಾಪಸ್ ಕೊಡ್ತೀರಾ? ಉತ್ತರ ಬರದಿದ್ದರೆ ಗಾಡಿ ಬೇರೆ ಕಡೆ ಎಳ್ಕೊಂಡು ಹೋಗಿ. ಬಿಲ್ ಕಟ್ಟೋರು ನಾವು, ಕಾರಣ ಕೇಳೋ ಹಕ್ಕೂ ನಮ್ಮದೇ.