ದೂರದ ಬೆಟ್ಟದ ಹೆಸರು



ಮಕ್ಕಳು ಬಿದ್ದು ಕೈ ಮುರಿದುಕೊಂಡರೆ ಡಾಕ್ಟರು ಬಿಳಿ ಪಟ್ಟಿ ಸುತ್ತುತ್ತಾರಲ್ಲ, ಅದೇ ಪ್ಲಾಸ್ಟರ್ ಆಫ್ ಪ್ಯಾರಿಸ್. ಚೌತಿಯ ಗಣಪನನ್ನೂ ಅದರಲ್ಲಿ ಮಾಡಿ ನಮ್ಮ ಕೆರೆಗಳು ಕೆಟ್ಟ ಕಥೆ ನಿಮಗೆ ಗೊತ್ತೇ ಇದೆ. ಪ್ಯಾರಿಸ್ಸಿಗೂ ಈ ಬಿಳಿ ಪುಡಿಗೂ ಏನು ನಂಟು ಅಂತೀರಾ? ಆ ಊರಿನ ಉತ್ತರಕ್ಕೆ ಒಂದು ದಿಬ್ಬವಿದೆ. ಅದರ ಹೊಟ್ಟೆಯಿಂದ ಜಿಪ್ಸಂ ಕಲ್ಲನ್ನು ಅಗೆದು, ಸುಟ್ಟು, ಪುಡಿ ಮಾಡಿ, ನೂರಾರು ವರ್ಷ ಪ್ಯಾರಿಸ್ಸಿನ ಮನೆಗಳ ಗೋಡೆಗೆ ಬಳಿದರು. ಆ ದಿಬ್ಬದ ಹೆಸರು ಮೊಂಮಾರ್ತ್ರ. ಕಲಾವಿದರ ಬೀಡು ಅಂತ ಜಗತ್ತಿಗೆಲ್ಲ ಪರಿಚಯವಾದದ್ದು ಇದೇ.

ಹೆಸರಿನ ಅರ್ಥ ಕೇಳಿದರೆ ಆಶ್ಚರ್ಯವಾಗುತ್ತೆ. 'ಮೊಂ' ಅಂದರೆ ಬೆಟ್ಟ. 'ಮಾರ್ತ್ರ' ಅಂದರೆ ಧರ್ಮಕ್ಕಾಗಿ ಪ್ರಾಣ ಕೊಟ್ಟವರು. ಸುಮಾರು 3ನೇ ಶತಮಾನದಲ್ಲಿ ಪ್ಯಾರಿಸ್ಸಿನ ಬಿಷಪ್ ಸಂತ ದೆನಿಯ ತಲೆ ಕಡಿದದ್ದು ಇಲ್ಲೇ ಎಂದು ಕ್ರೈಸ್ತರ ನಂಬಿಕೆ. ಕಡಿದ ತಲೆಯನ್ನು ಕೈಯಲ್ಲಿ ಹಿಡಿದುಕೊಂಡೇ ಆತ ನಡೆದುಹೋದನಂತೆ! ಇನ್ನು ಕೆಲವರು, ಅಲ್ಲಿ ಮೊದಲು ರೋಮನ್ನರ ಯುದ್ಧದೇವತೆ ಮಾರ್ಸ್‌ನ ಗುಡಿ ಇತ್ತು, ಹೆಸರು ಅವನಿಂದಲೇ ಬಂತು ಅನ್ನುತ್ತಾರೆ. 1133ರಲ್ಲಿ ಅಲ್ಲಿ ಸನ್ಯಾಸಿನಿಯರ ಮಠ ಕಟ್ಟಿದರು. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ, 1794ರಲ್ಲಿ, ಎಪ್ಪತ್ತು ದಾಟಿದ ಅದರ ಕೊನೆಯ ಮಠಾಧಿಕಾರಿಣಿಯ ತಲೆಯನ್ನೂ ತೆಗೆದರು. ಆಗ ಕೆಲಕಾಲ ಹಳೆಯ ಹೆಸರನ್ನು ಅಳಿಸಿ, ಕ್ರಾಂತಿಯ ನಾಯಕ ಮಾರಾನ ಹೆಸರನ್ನೇ ಬೆಟ್ಟಕ್ಕೆ ಇಟ್ಟದ್ದೂ ಉಂಟು. ಆದರೆ ಜನರ ಬಾಯಲ್ಲಿ ನಿಂತದ್ದು ಹಳೆಯದೇ.

ಹೆಸರನ್ನು ಬಳಸುವುದರಲ್ಲೂ ತಮಾಷೆ ಇದೆ ನೋಡಿ. ಅಲ್ಲಿಯವರು ಮೊಂಮಾರ್ತ್ರ ಅನ್ನದೆ ಬರೀ 'ಬ್ಯುತ್' ಅಂತಾರೆ, ಅಂದರೆ ದಿಬ್ಬ. ಬುಲೆವಾರ್ ಮೊಂಮಾರ್ತ್ರ ಎಂಬ ದೊಡ್ಡ ರಸ್ತೆಯೊಂದಿದೆ, ಆದರೆ ಅದು ದಿಬ್ಬದ ಮೇಲಿಲ್ಲ, ಕೆಳಗೆ ಊರೊಳಗಿದೆ. ಹೆಸರು ನಂಬಿ ಹೋದವರು ಮತ್ತೆ ಹತ್ತಬೇಕು!

ಹಾಗಾದರೆ ಹುತಾತ್ಮರ ಬೆಟ್ಟ ಕಲಾವಿದರ ಬೀಡಾದದ್ದು ಹೇಗೆ? ಬೇರೇನಿಲ್ಲ, ಬಡತನದಿಂದ. 1860ರವರೆಗೆ ಅದು ಪ್ಯಾರಿಸ್ಸಿಗೆ ಸೇರದ ಹಳ್ಳಿ. ಊರಿನ ಸುಂಕ ಇಲ್ಲ, ಹಾಗಾಗಿ ದ್ರಾಕ್ಷಾರಸ ಅಗ್ಗ. ಆಮೇಲೂ ಬಾಡಿಗೆ ಕಡಿಮೆಯೇ ಇತ್ತು. ಪಿಕಾಸೊ 1904ರಿಂದ 1909ರವರೆಗೆ ಇಲ್ಲಿನ ಒಂದು ಹಳೆಯ ಮರದ ವಠಾರದಲ್ಲಿದ್ದ. ವಠಾರಕ್ಕೆಲ್ಲ ಒಂದೇ ನಲ್ಲಿ. ಅದರ ಅಡ್ಡಹೆಸರು 'ಬಟ್ಟೆ ಒಗೆಯುವ ದೋಣಿ'. ಸೀನ್ ನದಿಯಲ್ಲಿ ಹೆಂಗಸರು ಬಟ್ಟೆ ಒಗೆಯಲು ಕೂರುತ್ತಿದ್ದ ದೋಣಿಗಳ ಹಾಗೆ ಕಾಣುತ್ತಿತ್ತಂತೆ.

ಇಂಥ ಕಲಾವಿದರನ್ನು 'ಬೊಹೀಮಿಯನ್' ಅನ್ನುತ್ತಾರೆ. ಫ್ರೆಂಚರು ಊರೂರು ಅಲೆಯುವ ರೋಮಾ ಜನರನ್ನು ಬೊಹೀಮಿಯಾ ದೇಶದವರು ಅಂದುಕೊಂಡು ಹಾಗೆ ಕರೆದರು. ನಿಜಕ್ಕೂ ಆ ಜನರ ಪೂರ್ವಜರು ಹೋದದ್ದು ನಮ್ಮ ಭಾರತದಿಂದ, ಸುಮಾರು ಸಾವಿರ ವರ್ಷಗಳ ಹಿಂದೆ! ನೆಲೆಯಿಲ್ಲದ ಬಾಳು ಎಂಬ ಅರ್ಥದಲ್ಲಿ ಆ ಹೆಸರು ಕಲಾವಿದರಿಗೂ ಅಂಟಿತು.

ಬೊಹೀಮಿಯನ್ ಅಂದರೆ ಹೊತ್ತುಗೊತ್ತಿಲ್ಲ, ಮನೆಮಠವಿಲ್ಲ, ಹಾಡು ಕುಣಿತ ಅಷ್ಟೇ ಎಂದು ನಾವು ತಿಳಿಯುತ್ತೇವೆ. ದೂರದ ಬೆಟ್ಟ ನುಣ್ಣಗೆ ಅಲ್ಲವೇ? ಆ ದಿಬ್ಬದ ಮೇಲೂ ಯಾರೋ ಬಟ್ಟೆ ಒಗೆಯಬೇಕಿತ್ತು, ಕೂಸು ನೋಡಿಕೊಳ್ಳಬೇಕಿತ್ತು. 1865ರಲ್ಲಿ ಹುಟ್ಟಿದ ಮರಿ ಕ್ಲೆಮೆಂತೀನ್ ಎಂಬ ಹುಡುಗಿಯ ತಾಯಿ ಬಟ್ಟೆ ಒಗೆದು ಬದುಕಿದವಳು, ತಂದೆ ಯಾರೆಂದು ಗೊತ್ತಿಲ್ಲ. ಹುಡುಗಿ ಸರ್ಕಸ್ಸಿಗೆ ಸೇರಿ, ಬಿದ್ದು, ಆ ಕೆಲಸ ಬಿಟ್ಟಳು. ಹೊಟ್ಟೆಪಾಡಿಗೆ ಚಿತ್ರಕಾರರ ಮುಂದೆ ಗಂಟೆಗಟ್ಟಲೆ ಕದಲದೆ ಕೂತಳು. ಕೂತಲ್ಲೇ ಅವರ ಕೈ ಹೇಗೆ ಓಡುತ್ತೆ ಅಂತ ನೋಡಿ ತಾನೂ ಕಲಿತಳು. ಚಿತ್ರಕಾರ ದೆಗಾ ಅವಳ ಚಿತ್ರ ನೋಡಿ ಮೆಚ್ಚಿ ಕೊಂಡುಕೊಂಡ. ಅವಳೇ ಸುಝಾನ್ ವಲಾದೋನ್. ಸುಝಾನ್ ಅನ್ನುವ ಹೆಸರೂ ಇನ್ನೊಬ್ಬ ಚಿತ್ರಕಾರ ತಮಾಷೆಗೆ ಇಟ್ಟದ್ದು!

1883ರಲ್ಲಿ ಅವಳಿಗೊಬ್ಬ ಮಗ ಹುಟ್ಟಿದ, ಮೋರಿಸ್ ಉತ್ರಿಲೊ. ಅವಳು ದುಡಿಯಲು ಹೋದರೆ ಮಗುವನ್ನು ಸಾಕಿದ್ದು ಅಜ್ಜಿ. ಆದರೆ ಹುಡುಗ ಎಳೆವಯಸ್ಸಿನಲ್ಲೇ ಕುಡಿತಕ್ಕೆ ಬಿದ್ದ. ಆಸ್ಪತ್ರೆಗೆ ಸೇರಿಸಿದ್ದೂ ಆಯಿತು. ತಾಯಿ ಮಗನ ಕೈಗೆ ಕುಂಚ ಕೊಟ್ಟು ಕೂರಿಸಿದಳು. ಕುಡಿತ ಬಹಳ ವರ್ಷ ಬಿಡಲಿಲ್ಲ, ಆದರೆ ಕುಂಚವನ್ನೂ ಅವನು ಬಿಡಲಿಲ್ಲ. ಮೊಂಮಾರ್ತ್ರದ ಬೀದಿಗಳನ್ನೇ ಬರೆದ. ಅವುಗಳ ಬಿಳಿ ಗೋಡೆ ಕಾಣಿಸಲು ಬಣ್ಣಕ್ಕೆ ಪ್ಲಾಸ್ಟರನ್ನೇ ಬೆರೆಸುತ್ತಿದ್ದನಂತೆ. ಇವತ್ತು ಆ ಬೆಟ್ಟದ ಹೆಸರು ಕೇಳಿದ ತಕ್ಷಣ ಎಷ್ಟೋ ಜನರ ಕಣ್ಣೆದುರು ಬರುವುದು ಅವನ ಚಿತ್ರಗಳೇ.

ಈಗ ಅಲ್ಲಿ ಬಾಡಿಗೆ ಅಗ್ಗವಲ್ಲ. ಚೌಕದಲ್ಲಿ ಪ್ರವಾಸಿಗರ ಮುಖ ಬರೆದು ಕೊಡುವವರ ಸಾಲು. ಹುತಾತ್ಮರ ಬೆಟ್ಟ ಎಂಬ ಅರ್ಥ ಎಷ್ಟು ಜನಕ್ಕೆ ನೆನಪಿರುತ್ತೆ? ನನಗಂತೂ ಆ ಹೆಸರು ಸಂತನಿಗೆ ಮಾತ್ರವಲ್ಲ, ಒಗೆದು, ಸಾಕಿ, ಕಾದು ಕೂತ ಈ ಹೆಂಗಸರಿಗೂ ಸಲ್ಲುತ್ತೆ ಅನ್ನಿಸುತ್ತೆ. ದಿಬ್ಬದ ಬುಡದ ಒಂದು ಚೌಕಕ್ಕೆ ಸುಝಾನಳ ಹೆಸರಿಟ್ಟಿದ್ದಾರೆ, ಅದು ಸಂತೋಷ.

ನಿಮ್ಮ ಬೀದಿಯ ಹೆಸರಿನ ಹಿಂದೆ ಯಾರ ಬೆವರಿದೆ? ಮನೆಯ ಹಿರಿಯರನ್ನು ಕೇಳಿ, ನಾಲ್ಕು ಸಾಲು ಬರೆದು ಕಳಿಸಿ. ಎಲ್ಲರೂ ಸೇರಿ ಓದೋಣ.